ಕಿವಿಯ ಗಡ್ಡೆಯ ಶಸ್ತ್ರಕ್ರಿಯೆಯೂ ಕಿವುಡುತನವೂ

ಹಿಂದಿನ ಸಲ ನಮ್ಮ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನವು ಕೂಡಿದಾಗ ಊಟದ ಪಂಕ್ತಿಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯಿಂದ ಈ ಲೇಖನವು ಹುಟ್ಟಿತು. ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿರುವ ಸೋದರಿಯೊಬ್ಬರು ಪಂಕ್ತಿಯ ನಡುವೆ ಕುಳಿತಿದ್ದರು. ಅವರ ಎಡಮಗ್ಗುಲಿಗೆ ಕುಳಿತ ಬಾಲ್ಯದ ಗೆಳತಿಯು ಮೂರು ಸಲ ಮಾತಾಡಿಸಿದರೂ ಇವರು ತಿರುಗಿ ನೋಡಲಿಲ್ಲ. ಗೆಳತಿಯ ಮನಸ್ಸು ನೊಂದಿತು. ನೌಕರಿ ದೊರೆತ ಮೇಲೆ ಹಳೆಯ ಗುರುತು ಮರೆತುಹೋಯಿತೆಂದು ಆಕೆಯು ಎಲೆಯ ಮುಂದಿನಿಂದ ಅರ್ಧ ಊಟಕ್ಕೇ ಏಳಲಿದ್ದಳು. ಬಡಿಸುತ್ತಿದ್ದವರೊಬ್ಬರು ಶಿಕ್ಷಕಿಯವರ ಭುಜ ಮುಟ್ಟಿ ತೋರಿಸಿದಾಗ ಅವರು ಗಾಬರಿಯಾಗಿ ಗೆಳತಿಯ ಕೈ ಹಿಡಿದುಕೊಂಡು, “ಆ ಕಿವಿ ನನಗಿಲ್ಲವೇ, ತಂಗೀ, ಗಡ್ಡೆ ತೆಗೆಸಿದಾಗ ಅದರ ಸಂಗಡ ಹೋಯಿತು,” ಎಂದರು.

ಆಮೇಲೆ ಅವರು ನಮಗೆ ತಮ್ಮ ಬೇನೆಯ ಕಥೆಯನ್ನೆಲ್ಲ ಹೇಳಿದರು. ಗಡ್ಡೆ ತೆಗೆದ ವೈದ್ಯರ ಮೇಲೆ ಅವರಿಗೆ ಸಿಟ್ಟಿಲ್ಲ. ತಮ್ಮ ಜೀವವನ್ನೂ ಮುಖವನ್ನೂ ಅವರು ಉಳಿಸಿದರೆಂದು ಇಂದಿಗೂ ನೆನೆಯುತ್ತಾರೆ. ಆದರೆ ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಕಾಗದದ ಮೇಲೆ ಸಹಿ ಮಾಡಿಸಿಕೊಂಡವರು ಕಿವಿಯ ಮಾತನ್ನು ಎತ್ತಲಿಲ್ಲವೆಂಬ ಒಂದು ನೋವು ಅವರಲ್ಲಿ ಉಳಿದುಕೊಂಡಿದೆ. “ಹೋಗುವದೆಂದು ಮೊದಲೇ ತಿಳಿದಿದ್ದರೆ ಆ ರಾತ್ರಿ ಎಡಗಿವಿಯಿಂದ ಮಗಳ ಮಾತನ್ನು ಒಮ್ಮೆ ಕೇಳಿಸಿಕೊಂಡು ಮಲಗುತ್ತಿದ್ದೆ,” ಎಂದು ಅವರು ಹೇಳಿದ್ದು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಇದನ್ನು ನಮ್ಮ ಸಂಚಿಕೆಯಲ್ಲಿ ಬರೆಯಿರೆಂದು ಕೇಳಿಕೊಂಡವರೂ ಅವರೇ. ನಾವು ವೈದ್ಯರಲ್ಲ; ಬಲ್ಲವರನ್ನು ಕೇಳಿಯೂ ಓದಿಯೂ ತಿಳಿದುಕೊಂಡದ್ದನ್ನು ಪಾಲಕರಿಗೂ ಸೋದರಿಯರಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇವೆ.

ಮೊದಲು ಕಿವಿಯ ರಚನೆ. ನಮ್ಮ ಕಡೆಯ ಮನೆಗೆ ಪಡಸಾಲೆ, ನಡುಮನೆ, ಒಳಕೋಣೆ ಎಂದು ಇರುವಂತೆ ಕಿವಿಗೂ ಮೂರು ಭಾಗಗಳುಂಟು. ಹೊರಗಿನ ರಂಧ್ರದ ಕೊನೆಗೆ ಪರದೆಯಿದೆ. ಅದು ಪಡಸಾಲೆಯ ಬಾಗಿಲು. ಪರದೆಯ ಆಚೆಗಿನ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಇವುಗಳ ಆಕಾರದ ಮೂರು ಎಲುಬುಗಳು ಒಂದಕ್ಕೊಂದು ತಗಲಿಕೊಂಡಿವೆ. ರಿಕಾಪಿನಂತಿರುವ ಎಲುಬು ಮನುಷ್ಯನ ಶರೀರದಲ್ಲಿಯೇ ಅತ್ಯಂತ ಸಣ್ಣದು. ಉದ್ದ ಸುಮಾರು ೩ ಮಿಲಿಮೀಟರು. ಶಬ್ದದಿಂದ ಪರದೆಯು ನಡುಗಿದರೆ ಆ ನಡುಕವನ್ನು ಈ ಮೂವರು ಕೈಯಿಂದ ಕೈಗೆ ದಾಟಿಸಿ ಒಳಗಿವಿಗೆ ಮುಟ್ಟಿಸುವರು. ಒಳಗಿವಿಯು ತಲೆಬುರುಡೆಯ ಅತಿ ಗಟ್ಟಿಯಾದ ಎಲುಬಿನೊಳಗೆ ಹುದುಗಿದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಕೊಳವೆಯಿದೆ. ಕೇಳುವದು ಅದರ ಕೆಲಸ. ಅದಕ್ಕೆ ಹೊಂದಿಕೊಂಡು ಮೂರು ಅರೆಬಳೆಗಳಿವೆ. ನಾವು ತೋಲ ತಪ್ಪದೆ ನಿಲ್ಲುವಂತೆ ನೋಡಿಕೊಳ್ಳುವದು ಅವುಗಳ ಕೆಲಸ. ಈ ಎರಡರಿಂದಲೂ ಹೊರಟ ನರಗಳು ಒಂದು ಎಲುಬಿನ ಸಂದಿನಲ್ಲಿ ಕೂಡಿ ಮಿದುಳಿಗೆ ಹೋಗುತ್ತವೆ. ಆ ಸಂದು ಸುಮಾರು ೧ ಸೆಂಟಿಮೀಟರು ಉದ್ದವಾಗಿದ್ದು ಪೆನ್ಸಿಲಿಗಿಂತ ಸಣ್ಣದು. ಅದರೊಳಗೆ ಕೇಳುವ ನರ, ತೋಲದ ನರಗಳು, ಮುಖವನ್ನು ಆಡಿಸುವ ನರ, ಇವುಗಳ ಜೊತೆಗೆ ಒಳಗಿವಿಗೆ ರಕ್ತವನ್ನೊಯ್ಯುವ ದಾರದಂಥ ಒಂದು ಧಮನಿ, ಇಷ್ಟೂ ಒತ್ತಾಗಿ ಮಲಗಿವೆ. ಮುಂದೆ ನಾವು ಹೇಳುವ ಕಷ್ಟಗಳಿಗೆಲ್ಲ ಈ ಇಕ್ಕಟ್ಟೇ ಮೂಲ.

ಶಿಕ್ಷಕಿಯವರಿಗೆ ಬಂದ ಗಡ್ಡೆಯು ಈ ಸಂದಿನಲ್ಲಿ ಹುಟ್ಟುವಂಥದು. ತೋಲದ ನರಕ್ಕೆ ಹೊದಿಕೆಯಾಗಿರುವ ಜೀವಕಣಗಳು ಬೆಳೆದು ಗಂಟಾಗುತ್ತವೆ. ವೈದ್ಯರು ಇದನ್ನು ವೆಸ್ಟಿಬ್ಯುಲರ್ ಶ್ವಾನೋಮ ಎಂದೂ ಹಳೆಯ ರೂಢಿಯಲ್ಲಿ ಅಕೌಸ್ಟಿಕ್ ನ್ಯೂರೋಮ ಎಂದೂ ಕರೆಯುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವದಿಲ್ಲ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಇದು ಪತ್ತೆಯಾಗುವದುಂಟು. ಬೆಳೆಯುವದೂ ನಿಧಾನ, ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರು. ಎಷ್ಟೋ ಗಡ್ಡೆಗಳು ವರ್ಷಗಟ್ಟಲೆ ಬೆಳೆಯದೆ ಸುಮ್ಮನಿರುತ್ತವೆ. ಆದರೆ ಬೆಳೆದದ್ದಾದರೆ ಸಂದಿನಿಂದ ಹೊರಬಂದು ಮಿದುಳಿನ ಕಾಂಡವನ್ನೇ ಒತ್ತತೊಡಗುವದು. ಆಗ ಪ್ರಾಣಕ್ಕೆ ಸಂಚಕಾರ. ನಿರಪಾಯವಾದ ಗಡ್ಡೆಯೆಂಬ ಮಾತು ಕೇಳಿ ನಿಶ್ಚಿಂತರಾಗಿ ಮನೆಗೆ ಹೋಗಬಾರದು. ಅದರ ಗುಣವು ನಿರಪಾಯವಾದರೂ ಅದು ಕುಳಿತ ಜಾಗವು ನಿರಪಾಯವಲ್ಲ.

ಇದರ ಮೊದಲನೆಯ ಲಕ್ಷಣವು ನೋವಲ್ಲ. ಒಂದೇ ಕಿವಿ ಮಂದವಾಗುವದು, ಆ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸಪ್ಪಳವಾಗುವದು, ಕತ್ತಲೆಯಲ್ಲಿ ನಡೆಯುವಾಗ ಕಾಲು ತಪ್ಪಿದಂತಾಗುವದು, ಇಷ್ಟೇ. ನಮ್ಮ ಶಿಕ್ಷಕಿಯವರಿಗೆ ಮೊದಲು ತಿಳಿದದ್ದು ಮೊಬೈಲಿನಿಂದ. ಎಡಗಿವಿಗೆ ಹಿಡಿದರೆ ಧ್ವನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಫೋನು ಕೆಟ್ಟಿತೆಂದು ಅವರು ಅದನ್ನು ಎರಡು ಸಲ ರಿಪೇರಿಗೆ ಕೊಟ್ಟರಂತೆ! ಧ್ವನಿ ಕೇಳಿಸಿಯೂ ಮಾತು ಬಿಡಿಸಿ ತಿಳಿಯದಿರುವದು ನರದ ಬೇನೆಯ ಒಂದು ವಿಶೇಷ ಗುರುತು.

ರಾಮದುರ್ಗದ ಕಡೆಯ ಪಾಲಕರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನೇಕಾರರ ಮನೆಗಳಲ್ಲಿ ಯಾರಿಗಾದರೂ ಕಿವಿ ಮಂದವಾದರೆ, “ಮಗ್ಗದ ಸಪ್ಪಳಕ್ಕೆ ಹಾಗಾಗಿದೆ,” ಎಂದು ಸುಮ್ಮನಾಗುವ ರೂಢಿಯುಂಟು. ವಿದ್ಯುತ್ ಮಗ್ಗದ ಸದ್ದು ಕಿವಿಯನ್ನು ಕೆಡಿಸುವದೇನೋ ನಿಜ. ಆದರೆ ಸದ್ದು ಎರಡೂ ಕಿವಿಗಳಿಗೆ ಹೊಡೆಯುತ್ತದೆ; ಆದ್ದರಿಂದ ಎರಡೂ ಹೆಚ್ಚುಕಡಿಮೆ ಸಮನಾಗಿ ಮಂದವಾಗುತ್ತವೆ. ಒಂದೇ ಕಿವಿ ಹೋಗುತ್ತಿದ್ದು ಇನ್ನೊಂದು ಚೆನ್ನಾಗಿದ್ದರೆ ಆ ದೋಷವನ್ನು ಮಗ್ಗದ ಮೇಲೆಯೂ ವಯಸ್ಸಿನ ಮೇಲೆಯೂ ಹಾಕದೆ ಪರೀಕ್ಷೆ ಮಾಡಿಸತಕ್ಕದ್ದು. ಅಂಥವರಲ್ಲಿ ಹೆಚ್ಚಿನವರಿಗೆ ಗಡ್ಡೆಯೇನೂ ಇರಲಿಕ್ಕಿಲ್ಲ. ಇದ್ದವರಿಗೆ ಮಾತ್ರ ಬೇಗ ತಿಳಿಯುವದರಿಂದ ಆಗುವ ಲಾಭ ಅಪಾರ. ಬೆಳಗಾವಿಯಲ್ಲಿ ೧೯೬೩ರಿಂದಲೂ ಹುಬ್ಬಳ್ಳಿಯಲ್ಲಿ ೧೯೫೭ರಿಂದಲೂ ವೈದ್ಯಕೀಯ ಕಾಲೇಜುಗಳಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳವರಿಗೂ ಇವೆರಡರಲ್ಲೊಂದು ಒಂದು ದಿನದಲ್ಲಿ ಹೋಗಿಬರುವಷ್ಟು ದೂರದಲ್ಲಿದೆ. ಶ್ರವಣ ಪರೀಕ್ಷೆಯಲ್ಲಿ ಎರಡು ಕಿವಿಗಳ ನಡುವೆ ಅಂತರ ಕಂಡುಬಂದರೆ ಎಂ.ಆರ್.ಐ. ಚಿತ್ರ ತೆಗೆಸುತ್ತಾರೆ, ಕೆಲವೇ ಮಿಲಿಮೀಟರಿನ ಗಡ್ಡೆಯೂ ಅದರಲ್ಲಿ ಕಾಣುವದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಗಡ್ಡೆಯು ತೋಲದ ನರದ್ದಾಗಿರಲು ಅದನ್ನು ತೆಗೆದರೆ ಕೇಳುವ ನರವೇಕೆ ಸಾಯಬೇಕು?

ಹಿಂದಿನವರು ಪಟ್ಟ ಪಾಡನ್ನು ತಿಳಿದರೆ ಇದು ಸುಲಭವಾಗಿ ಅರ್ಥವಾಗುವದು. ೧೮೯೪ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸ್ ಎಂಬ ಶಸ್ತ್ರವೈದ್ಯರು ಈ ಜಾಗದ ಗಡ್ಡೆಯೊಂದನ್ನು ಬೆರಳಿನಿಂದ ಬಿಡಿಸಿ ತೆಗೆದರು. ರೋಗಿಯಾಗಿದ್ದ ಹೆಂಗಸು ಬದುಕಿದಳು; ಅದೇ ಆ ಕಾಲಕ್ಕೆ ಆಶ್ಚರ್ಯ. ಆದರೆ ಅವಳ ಮುಖದ ಆ ಪಕ್ಕವು ಬಿದ್ದುಹೋಯಿತು, ಕಣ್ಣನ್ನೂ ಕಳೆದುಕೊಳ್ಳಬೇಕಾಯಿತು. ಆಗ ಈ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಬಹಳ ಜನ ಮೇಜಿನಿಂದ ಏಳುತ್ತಿರಲಿಲ್ಲ. ಅಮೇರಿಕೆಯ ಹಾರ್ವಿ ಕುಶಿಂಗರು ೧೯೧೭ರಲ್ಲಿ ಈ ಗಡ್ಡೆಗಳ ಮೇಲೆಯೇ ಒಂದು ದೊಡ್ಡ ಗ್ರಂಥವನ್ನು ಬರೆದರು. ಗಡ್ಡೆಯ ಸಿಪ್ಪೆಯನ್ನು ಬಿಟ್ಟು ಒಳಗಿನ ತಿರುಳನ್ನು ಮಾತ್ರ ತೋಡುವದು ಅವರ ಪದ್ಧತಿ. ಇದರಿಂದ ಸಾಯುವವರ ಸಂಖ್ಯೆ ಬಹಳ ಇಳಿಯಿತು, ಆದರೆ ಉಳಿದ ಸಿಪ್ಪೆ ಮತ್ತೆ ಬೆಳೆಯುತ್ತಿತ್ತು. ಅವರ ಶಿಷ್ಯರಾಗಿದ್ದ ವಾಲ್ಟರ್ ಡ್ಯಾಂಡಿಯವರು ಸಿಪ್ಪೆಸಹಿತ ತೆಗೆಯಬಹುದೆಂದು ತೋರಿಸಿದರು. ಮುಖದ ನರವು ಆಗ ಸಾಮಾನ್ಯವಾಗಿ ಬಲಿಯಾಗುತ್ತಿತ್ತು. ೧೯೬೦ರ ನಂತರ ಲಾಸ್ ಏಂಜಲಿಸಿನ ವಿಲಿಯಂ ಹೌಸ್ ಎಂಬವರು ಸೂಕ್ಷ್ಮದರ್ಶಕವನ್ನೂ ಹಲ್ಲಿನ ವೈದ್ಯರು ಬಳಸುವಂಥ ಭೈರಿಗೆಯನ್ನೂ ಈ ಕೆಲಸಕ್ಕೆ ತಂದರು. ಇವರು ಮೊದಲು ದಂತವೈದ್ಯ ವಿದ್ಯೆಯನ್ನೇ ಓದಿದವರೆಂಬದು ನಮಗೆ ಸ್ವಾರಸ್ಯವಾಗಿ ತೋರಿತು. ಅಂದಿನಿಂದ ಪ್ರಾಣಹಾನಿಯು ತೀರ ವಿರಳವಾಯಿತು, ಮುಖವನ್ನು ಉಳಿಸುವದೂ ಸಾಧ್ಯವಾಯಿತು. ಹೀಗೆ ಮೊದಲು ಪ್ರಾಣ, ಆಮೇಲೆ ಮುಖ, ಕಟ್ಟಕಡೆಗೆ ಕಿವಿ ಎಂಬ ಅನುಕ್ರಮವು ನೂರು ವರ್ಷಗಳ ಅನುಭವದಿಂದ ಏರ್ಪಟ್ಟಿದೆ. ಇಂದಿನ ವೈದ್ಯರ ಮನಸ್ಸಿನಲ್ಲಿಯೂ ಅದೇ ಅನುಕ್ರಮವಿರುವದು. ನಮ್ಮ ಶಿಕ್ಷಕಿಯವರ ಕಿವಿಯ ಮಾತನ್ನು ಯಾರೂ ಎತ್ತದಿರುವದಕ್ಕೆ ಇದೂ ಒಂದು ಕಾರಣವಾಗಿರಬಹುದು. ವೈದ್ಯರಿಗೆ ಅದು ಹೇಳದೆ ತಿಳಿಯತಕ್ಕ ಮಾತು, ರೋಗಿಗೆ ಹಾಗಲ್ಲ.

ಗಡ್ಡೆಯನ್ನು ಮುಟ್ಟಲು ಮೂರು ದಾರಿಗಳುಂಟು. ಮೊದಲನೆಯದು ಕಿವಿಯ ಹಿಂದಿನ ಎಲುಬನ್ನು ಕೊರೆದು, ಒಳಗಿವಿಯ ಅರೆಬಳೆಗಳ ಮೂಲಕವೇ ಹಾಯ್ದು ಹೋಗುವ ದಾರಿ. ಇದರಲ್ಲಿ ಮುಖದ ನರವು ಚೆನ್ನಾಗಿ ಕಾಣುವದು, ಮಿದುಳನ್ನು ಹೆಚ್ಚು ಸರಿಸಬೇಕಾಗಿಲ್ಲ. ಆದರೆ ಒಳಗಿವಿಯನ್ನು ಒಡೆದೇ ಒಳಗೆ ಹೋಗುವದರಿಂದ ಆ ಕಿವಿಯಲ್ಲಿ ಉಳಿದಿದ್ದ ಶ್ರವಣವೆಲ್ಲ ನಿಶ್ಚಯವಾಗಿ ಹೋಗುವದು. ಇದು ಕೈತಪ್ಪಿನಿಂದ ಆಗುವ ಅಪಘಾತವಲ್ಲ. ಆ ದಾರಿಗೆ ತೆರತಕ್ಕ ಬೆಲೆಯೇ ಅದು. ಎರಡನೆಯದು ಇನ್ನೂ ಹಿಂದಿನಿಂದ, ಹೆಡಕಿನ ಮೇಲ್ಭಾಗದ ಎಲುಬಿನಲ್ಲಿ ಕಿಂಡಿ ತೆಗೆದು ಹೋಗುವದು. ಮೂರನೆಯದು ಕಿವಿಯ ಮೇಲಿನಿಂದ ಇಳಿಯುವದು, ಇದು ಸಣ್ಣ ಗಡ್ಡೆಗಳಿಗೆ ಮಾತ್ರ. ಈ ಎರಡರಲ್ಲಿ ಒಳಗಿವಿಯನ್ನು ಮುಟ್ಟದೆ ಕೆಲಸ ಮಾಡಬಹುದಾದ್ದರಿಂದ ಶ್ರವಣ ಉಳಿಯುವ ಆಸೆಯುಂಟು.

ಆಸೆ ಮಾತ್ರ, ಭರವಸೆಯಲ್ಲ. ಕೇಳುವ ನರವು ಗಡ್ಡೆಯ ಮೈಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡಿರುತ್ತದೆ. ಅದನ್ನು ಬಿಡಿಸುವಾಗ ಸ್ವಲ್ಪ ಎಳೆದರೂ ಎಳೆಗಳು ಹರಿಯುವವು. ಅದಕ್ಕಿಂತ ಕಠಿಣವಾದದ್ದು ನಾವು ಮೇಲೆ ಹೇಳಿದ ದಾರದಂಥ ಧಮನಿಯ ಸಂಗತಿ. ಬೇರೆ ಅಂಗಗಳಿಗೆ ರಕ್ತವು ಎರಡು ಮೂರು ಕಡೆಯಿಂದ ಬರುವದುಂಟು. ಒಂದು ಕಟ್ಟಿದರೆ ಇನ್ನೊಂದು ನಡೆಸುವದು. ಒಳಗಿವಿಗೆ ಮಾತ್ರ ಇದೊಂದೇ ಕಾಲುವೆ. ಮಲಪ್ರಭೆಯ ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಮೇಲೆ ಎಲ್ಲಿಯಾದರೂ ನೀರು ನಿಂತರೆ ಬೇರೆ ನೀರಿಲ್ಲವಷ್ಟೆ, ಹಾಗೆಯೇ ಇದೂ. ಆ ಧಮನಿಯು ಸಂಕೋಚಗೊಂಡರೂ ಅದರಲ್ಲಿ ರಕ್ತ ಹೆಪ್ಪುಗಟ್ಟಿದರೂ ಕೆಲವೇ ನಿಮಿಷಗಳಲ್ಲಿ ಸುರುಳಿಯು ಸಾಯುತ್ತದೆ. ಆದಕಾರಣವೇ ನರವು ಅಖಂಡವಾಗಿ ಉಳಿಯಿತೆಂದು ವೈದ್ಯರು ಸಂತೋಷದಿಂದ ಹೇಳಿದ ರೋಗಿಯೂ ಎಚ್ಚರಾದ ಮೇಲೆ ಕಿವುಡನಾಗಿರುವದುಂಟು. ಕೆಲವರಿಗೆ ಶಸ್ತ್ರಕ್ರಿಯೆಯಾದ ಕೂಡಲೇ ಕೇಳಿಸಿ ಕೆಲವು ದಿನಗಳ ತರುವಾಯ ನಿಂತುಹೋಗುವದೂ ಉಂಟು. ಈಗ ಶಸ್ತ್ರಕ್ರಿಯೆ ನಡೆದಿರುವಾಗಲೇ ನಿದ್ರಿಸುವ ರೋಗಿಯ ಕಿವಿಯಲ್ಲಿ ಟಿಕ್ ಟಿಕ್ ಎಂಬ ಸದ್ದನ್ನು ಬಿಟ್ಟು, ಮಿದುಳು ಅದಕ್ಕೆ ಕೊಡುವ ವಿದ್ಯುತ್ತಿನ ಉತ್ತರವನ್ನು ಯಂತ್ರದಿಂದ ನೋಡುತ್ತಾರೆ. ಉತ್ತರವು ಕುಂದಿದರೆ ವೈದ್ಯರು ಕೈ ನಿಲ್ಲಿಸಿ ಕಾಯುತ್ತಾರೆ.

ಶ್ರವಣ ಉಳಿಯುವದೋ ಇಲ್ಲವೋ ಎಂಬದನ್ನು ಹೆಚ್ಚಾಗಿ ನಿರ್ಣಯಿಸುವವು ಎರಡೇ ಸಂಗತಿಗಳು: ಗಡ್ಡೆಯ ಗಾತ್ರ, ಶಸ್ತ್ರಕ್ರಿಯೆಯ ಮೊದಲಿನ ಶ್ರವಣ. ಗಡ್ಡೆಯು ಒಂದೂವರೆ ಸೆಂಟಿಮೀಟರಿನೊಳಗಿದ್ದು ಕಿವಿ ಇನ್ನೂ ಚೆನ್ನಾಗಿದ್ದರೆ ಉಳಿಸುವ ಯತ್ನಕ್ಕೆ ಅರ್ಥವಿದೆ. ಮೂರು ಸೆಂಟಿಮೀಟರಾದ ಮೇಲೆ ಉಳಿಯುವದು ಅಪರೂಪ. ಕಿವಿಯೆಲ್ಲಿ ಹೋಗುವದೋ ಎಂದು ಹೆದರಿ ಶಸ್ತ್ರಕ್ರಿಯೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವವರು ಇದನ್ನು ಲಕ್ಷ್ಯದಲ್ಲಿಡಬೇಕು: ಹಾಗೆ ಮುಂದೂಡಿದ ಕಾಲದಲ್ಲಿ ಗಡ್ಡೆಯೇ ಕಿವಿಯನ್ನು ತಿಂದುಬಿಡಬಹುದು.

ಎಲ್ಲರೂ ಒಡನೆ ಶಸ್ತ್ರಕ್ಕೆ ಒಳಗಾಗಬೇಕೆಂದು ಮಾತ್ರ ನಮ್ಮ ಅಭಿಪ್ರಾಯವಲ್ಲ. ಗಡ್ಡೆ ಸಣ್ಣದಿದ್ದರೆ, ವಿಶೇಷವಾಗಿ ವಯಸ್ಸಾದವರಲ್ಲಿ, ಕಾಲಕಾಲಕ್ಕೆ ಚಿತ್ರ ತೆಗೆಸಿ ಕಾಯ್ದು ನೋಡುವದೂ ಒಂದು ಮಾನ್ಯವಾದ ಚಿಕಿತ್ಸೆ. ಕಾಯುವದೆಂದರೆ ಮರೆಯುವದಲ್ಲ, ವೈದ್ಯರು ಹೇಳಿದ ತಿಂಗಳಿಗೆ ತಪ್ಪದೆ ಹೋಗಬೇಕು. ಇನ್ನೊಂದು ಉಪಾಯವೆಂದರೆ ಕಿರಣಗಳನ್ನು ಒಂದೇ ಬಿಂದುವಿಗೆ ಕೂಡಿಸಿ ಗಡ್ಡೆಯ ಬೆಳವಣಿಗೆಯನ್ನು ನಿಲ್ಲಿಸುವದು. ಇದಕ್ಕೆ ಬೇಕಾದ ಗಾಮಾ ನೈಫ್ ಯಂತ್ರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದೆ. ಚಾಕು ಎಂದು ಹೆಸರಿದ್ದರೂ ಅದರಲ್ಲಿ ಕೊಯ್ಯುವದೇನೂ ಇಲ್ಲ. ಕಿರಣಚಿಕಿತ್ಸೆಯಾದ ಮೇಲೆ ಕಿವಿಯು ಒಮ್ಮೆಲೇ ಹೋಗದಿದ್ದರೂ ವರ್ಷಗಳು ಕಳೆದಂತೆ ಅನೇಕರಲ್ಲಿ ಕ್ರಮೇಣ ಕುಂದುವದು. ಕಿವಿಗೆ ಸ್ವಲ್ಪವೂ ಅಪಾಯವಿಲ್ಲದ ದಾರಿಯು ಈ ಬೇನೆಯಲ್ಲಿ ಯಾವದೂ ಇಲ್ಲವೆಂದೇ ಹೇಳಬೇಕಾಗುವದು.

ಮೇಲಿನದು ನೂರಾರು ಮನೆಗಳಲ್ಲಿ ಒಂದು ಮನೆಗೂ ಬಾರದ ಬೇನೆ. ಆದರೆ ನಮ್ಮ ಹೆಣ್ಣುಮಕ್ಕಳ ತಂದೆತಾಯಿಗಳು ಹೆಚ್ಚಾಗಿ ಕಾಣುವದು ಬೇರೊಂದು. ಕಿವಿಯ ಗಡ್ಡೆಯೆಂದು ಅದನ್ನೂ ಕರೆಯುವದುಂಟು. ಅದು ಸೋರುವ ಕಿವಿಯಿಂದ ಹುಟ್ಟುವಂಥದು. ಕೊಲೆಸ್ಟಿಯಾಟೋಮ ಎಂಬ ಹೆಸರನ್ನು ಜರ್ಮನಿಯ ಯೊಹಾನೆಸ್ ಮ್ಯೂಲರರು ೧೮೩೮ರಲ್ಲಿ ಅದಕ್ಕೆ ಕೊಟ್ಟರು. ಹೆಸರು ತಪ್ಪಾದದ್ದು, ಅದು ನಿಜವಾದ ಗಡ್ಡೆಯಲ್ಲ. ಪರದೆಯ ಹೊರಗಿರತಕ್ಕ ಚರ್ಮವು ನಡುಗಿವಿಯೊಳಗೆ ಸೇರಿ ಚೀಲವಾಗಿ, ಅದರಲ್ಲಿ ಸತ್ತ ಚರ್ಮದ ಹೊಟ್ಟು ಪದರು ಪದರಾಗಿ ತುಂಬುವದು. ಈ ಚೀಲವು ಬೆಳೆಯುತ್ತ ಸುತ್ತಲಿನ ಎಲುಬನ್ನು ಗೆದ್ದಲಿನಂತೆ ತಿನ್ನುವದು. ಮೊದಲು ಆ ಮೂರು ಎಲುಬುಗಳು, ಆಮೇಲೆ ಅರೆಬಳೆ, ಮುಖದ ನರದ ಕವಚ, ಕೊನೆಗೆ ಮಿದುಳಿನ ಅಡಿಯ ತೆಳುಹಲಗೆ. ಮಿದುಳಿನಲ್ಲಿ ಕೀವು ತುಂಬಿ ಎಳೆಯ ಜೀವಗಳು ಹೋಗುವದು ಇದರಿಂದಲೇ. ಇದರ ಗುರುತು ದುರ್ವಾಸನೆಯುಳ್ಳ, ಬಿಟ್ಟುಬಿಟ್ಟು ಬರುವ, ಹೆಚ್ಚಾಗಿ ನೋವಿಲ್ಲದ ಸೋರುವಿಕೆ. ನೋವಿಲ್ಲದ್ದರಿಂದಲೇ ಮನೆಯವರು ಇದನ್ನು ಲೆಕ್ಕಿಸುವದಿಲ್ಲ. “ಸಣ್ಣವಳಿದ್ದಾಗಿನಿಂದ ಸೋರುತ್ತದೆ, ದೊಡ್ಡವಳಾದರೆ ನಿಲ್ಲುವದು,” ಎಂದು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಬಿಡುತ್ತಾರೆ, ಹತ್ತಿ ತುರುಕುತ್ತಾರೆ, ಹೇರ್‌ಪಿನ್ನಿನಿಂದ ಕೆದಕುತ್ತಾರೆ. ಇವು ಮೂರನ್ನೂ ಬಿಡಬೇಕೆಂದು ನಾವು ಪಾಲಕರಲ್ಲಿ ಬಹಳವಾಗಿ ಬೇಡಿಕೊಳ್ಳುತ್ತೇವೆ.

ಈ ಬೇನೆಯಲ್ಲಿ ಶಸ್ತ್ರಕ್ರಿಯೆಯ ನಂತರದ ಕಿವುಡುತನವು ಬೇರೆ ತರಹದ್ದು. ಕಿತ್ತೂರಿನ ಕಡೆಯ ಒಬ್ಬ ಹುಡುಗಿಯ ತಾಯಿ ನಮ್ಮೆದುರು ಅತ್ತು ಹೇಳಿದ್ದಿಷ್ಟು: “ಆಪರೇಶನ್ ಮಾಡಿಸುವ ಮುಂಚೆ ಸ್ವಲ್ಪವಾದರೂ ಕೇಳಿಸುತ್ತಿತ್ತು, ಈಗ ಅದೂ ಇಲ್ಲ, ದುಡ್ಡು ಕೊಟ್ಟು ಕಿವಿ ಕಳೆದುಕೊಂಡ ಹಾಗಾಯಿತು.” ತಾಯಿಯ ದುಃಖವು ಸಹಜವೇ. ಆದರೆ ನಡೆದದ್ದು ಹೀಗೆ: ಚೀಲವು ಎಲುಬಿನ ಸರಪಳಿಯನ್ನು ತಿಂದುಬಿಟ್ಟ ಮೇಲೆ ಕೆಲವು ಸಲ ತಾನೇ ಆ ತೆರವಿನಲ್ಲಿ ಕುಳಿತು ಪರದೆಯ ನಡುಕವನ್ನು ಒಳಗೆ ದಾಟಿಸುತ್ತಿರುವದು. ಸೇತುವೆಯನ್ನು ಮುರಿದ ಕಳ್ಳನೇ ಹಲಗೆ ಹಾಕಿ ಜನರನ್ನು ದಾಟಿಸಿದಂತೆ! ಚೀಲವನ್ನು ತೆಗೆದಾಗ ಆ ಹಲಗೆಯೂ ಹೋಗುವದು, ಕಿವಿ ಮೊದಲಿಗಿಂತ ಮಂದವಾಗುವದು. ಚೀಲವನ್ನು ಬಿಟ್ಟರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಬೇರುಸಹಿತ ತೆಗೆಯುವದು ಮೊದಲನೆಯ ಕೆಲಸ, ಕೇಳಿಸುವಂತೆ ಮಾಡುವದು ಎರಡನೆಯದು. ಎಲುಬಿನ ಸರಪಳಿಯನ್ನು ಮತ್ತೆ ಕಟ್ಟುವದನ್ನು ಅನೇಕ ವೈದ್ಯರು ಆರು ತಿಂಗಳು ಇಲ್ಲವೆ ಒಂದು ವರ್ಷ ಬಿಟ್ಟು, ಚೀಲವು ಮತ್ತೆ ಹುಟ್ಟಿಲ್ಲವೆಂದು ನೋಡಿಕೊಂಡು, ಎರಡನೆಯ ಶಸ್ತ್ರಕ್ರಿಯೆಯಲ್ಲಿ ಮಾಡುತ್ತಾರೆ. ಆ ತಾಯಿಗೆ ಈ ಎರಡನೆಯ ಸಲದ ಮಾತೇ ತಿಳಿದಿರಲಿಲ್ಲ. ಗಾಯ ಒಣಗಿತೆಂದು ಅವರು ಮತ್ತೆ ಆಸ್ಪತ್ರೆಗೆ ಹೋಗಿಯೇ ಇರಲಿಲ್ಲ! ಚೀಲವು ಅರೆಬಳೆಯನ್ನು ತೂತು ಮಾಡಿದ್ದರೆ ಅದನ್ನು ಬಿಡಿಸುವಾಗ ಒಳಗಿವಿಯೇ ಸತ್ತು ಪೂರ್ಣ ಕಿವುಡಾಗುವದೂ ಉಂಟು. ಇದು ವಿರಳ, ಆದರೆ ಬೇನೆ ಹಳೆಯದಾದಷ್ಟು ಹೆಚ್ಚು.

ಕಿವುಡು ಯಾವ ಬಗೆಯದೆಂದು ತಿಳಿಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕಿವಿಯ ವೈದ್ಯರು ಎರಡು ಕವಲಿನ ಉಕ್ಕಿನ ಚಿಮಟವೊಂದನ್ನು ಬಡಿದು ಅದರ ಬುಡವನ್ನು ಹಣೆಯ ನಡುವೆ ಇಡುತ್ತಾರೆ. ನಡುಗಿವಿಯ ಸೇತುವೆ ಮುರಿದಿದ್ದರೆ ಆ ನಾದವು ಮಂದವಾದ ಕಿವಿಯಲ್ಲಿಯೇ ಜೋರಾಗಿ ಕೇಳುವದು; ಒಳಗಿವಿಯಾಗಲಿ ನರವಾಗಲಿ ಕೆಟ್ಟಿದ್ದರೆ ಒಳ್ಳೆಯ ಕಿವಿಯಲ್ಲಿ ಕೇಳುವದು. ಸೇತುವೆಯನ್ನು ಮತ್ತೆ ಕಟ್ಟಬಹುದು, ಸತ್ತ ನರವನ್ನು ಎಬ್ಬಿಸಲಾಗದು. ಆದ್ದರಿಂದ ಆ ಚಿಮಟ ಏನು ಹೇಳಿತೆಂದು ಪಾಲಕರು ವೈದ್ಯರನ್ನು ಧೈರ್ಯವಾಗಿ ಕೇಳಬಹುದು.

ಧೈರ್ಯದ ಮಾತು ಬಂದದ್ದರಿಂದ ಆ ಒಪ್ಪಿಗೆಯ ಕಾಗದದ ವಿಷಯವನ್ನೂ ಹೇಳಿಬಿಡುತ್ತೇವೆ. ನಮ್ಮ ಶಿಕ್ಷಕಿಯವರು ಓದುಬಲ್ಲವರು, ಮಕ್ಕಳಿಗೆ ಓದಿಸುವವರು. ಆದರೂ ಆ ರಾತ್ರಿ ಸಹಿ ಮಾಡುವಾಗ ಅವರು ಓದಲಿಲ್ಲ. ಕಾಗದ ಇಂಗ್ಲಿಷಿನಲ್ಲಿತ್ತು, ಸುತ್ತಲೂ ಅವಸರವಿತ್ತು, ಹೆಚ್ಚು ಕೇಳಿದರೆ ಡಾಕ್ಟರು ಬೇಸರಪಟ್ಟಾರೆಂಬ ಸಂಕೋಚವಿತ್ತು. ಈ ಸಂಕೋಚವನ್ನು ನಮ್ಮ ಶಾಲೆಗಳೇ ಹೆಣ್ಣುಮಕ್ಕಳಿಗೆ ಕಲಿಸಿದ್ದಿರಬಹುದೆಂದು ನಮಗೆ ಒಮ್ಮೊಮ್ಮೆ ಅನಿಸುತ್ತದೆ. ಯಾವ ದಾರಿಯಿಂದ ಗಡ್ಡೆಯನ್ನು ಮುಟ್ಟುವಿರಿ? ಆ ದಾರಿಯಲ್ಲಿ ಕಿವಿ ಉಳಿಯುವ ಆಸೆ ಉಂಟೋ ಇಲ್ಲವೋ? ಈಗ ಆ ಕಿವಿಯಲ್ಲಿ ಎಷ್ಟು ಶ್ರವಣವಿದೆ? ಇನ್ನೊಂದು ಕಿವಿಯ ಗತಿಯೇನು? ಇಷ್ಟನ್ನು ಸಹಿಗೆ ಎರಡು ದಿನ ಮೊದಲು, ಮನೆಯವರೊಬ್ಬರನ್ನು ಹತ್ತಿರ ಕೂಡಿಸಿಕೊಂಡು, ಕನ್ನಡದಲ್ಲಿ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವದಿಲ್ಲ. ಕೊನೆಯ ಪ್ರಶ್ನೆಯು ಎಲ್ಲಕ್ಕಿಂತ ಮಹತ್ವದ್ದು. ಕೆಲವರಿಗೆ ಹುಟ್ಟಿನಿಂದ ಬಂದ ದೋಷದಿಂದ ಎರಡೂ ಪಕ್ಕದ ನರಗಳಲ್ಲಿ ಗಡ್ಡೆಗಳಾಗುವವು. ಅಂಥವರಲ್ಲಿ ಒಂದು ಕಿವಿಯ ನಿರ್ಣಯವು ಬೇರೆ ರೀತಿಯದಾಗಬೇಕಾಗುವದು. ಒಂದು ಕಿವಿ ಮೊದಲೇ ಹೋದವರಿಗೂ ಇದೇ ಮಾತು.

ಒಂದೇ ಕಿವಿಯಿಂದ ಬಾಳುವದು ಹೇಗಿರುವದೆಂದು ಎರಡು ಕಿವಿಯುಳ್ಳವರಿಗೆ ತಿಳಿಯದು. ಶಾಂತವಾದ ಕೋಣೆಯಲ್ಲಿ ಏನೂ ತೊಂದರೆಯಿಲ್ಲ. ಆದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ಮಿದುಳು ಅರಿಯುವದು ಎರಡು ಕಿವಿಗಳಿಗೆ ಅದು ಮುಟ್ಟುವ ಸಮಯದ ಹಾಗೂ ಜೋರಿನ ಅಂತರದಿಂದ. ಒಂದೇ ಕಿವಿಯಾದರೆ ದಿಕ್ಕು ಕಳೆಯಿತು. ನಮ್ಮ ಶಿಕ್ಷಕಿಯವರು ಬನದ ಹುಣ್ಣಿಮೆಗೆ ನೆರೆಯವರ ಸಂಗಡ ಸವದತ್ತಿಯ ಗುಡ್ಡಕ್ಕೆ ಹೋಗಿದ್ದಾಗ ಜಾತ್ರೆಯ ಗದ್ದಲದಲ್ಲಿ ಮಗಳು “ಅವ್ವಾ” ಎಂದು ಕೂಗಿದ್ದು ಕೇಳಿಸಿತು, ಯಾವ ಕಡೆಯಿಂದೆಂದು ತಿಳಿಯಲಿಲ್ಲ. ಕೂಗು ಹತ್ತೇ ಮಾರು ದೂರದಿಂದ ಬರುತ್ತಿದ್ದರೂ ಅವರು ನಿಂತಲ್ಲಿಯೇ ಸುತ್ತು ತಿರುಗಿದರು. ಕಿತ್ತೂರಿನ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯನ್ನು ದಾಟುವಾಗ ಅವರು ಈಗ ಯಾರದಾದರೂ ಕೈ ಹಿಡಿಯುತ್ತಾರೆ. ಸತ್ತ ಕಿವಿಯಲ್ಲಿ ಶಾಂತತೆಯೂ ಇಲ್ಲ. ಜೀರುಂಡೆಯ ಸಪ್ಪಳವು ಶಸ್ತ್ರಕ್ರಿಯೆಯಾದ ಮೇಲೆಯೂ ಅವರಿಗೆ ನಿಂತಿಲ್ಲ, ಇತರ ಅನೇಕರಿಗೂ ನಿಲ್ಲುವದಿಲ್ಲ. ತಲೆಸುತ್ತು ಮಾತ್ರ ಕೆಲವು ವಾರಗಳಲ್ಲಿ ಇಳಿಯಿತು, ಇನ್ನೊಂದು ಪಕ್ಕದ ಅರೆಬಳೆಗಳು ಕೆಲಸವನ್ನು ವಹಿಸಿಕೊಂಡವು.

ಸಹಾಯಕ ಸಾಧನಗಳು ಉಂಟು. ಕೇಳದ ಕಿವಿಯ ಮೇಲೆ ಚಿಕ್ಕ ಮೈಕನ್ನಿಟ್ಟು ಅಲ್ಲಿಯ ಧ್ವನಿಯನ್ನು ಒಳ್ಳೆಯ ಕಿವಿಗೆ ಸಾಗಿಸುವ ಯಂತ್ರವೊಂದು. ಕಿವಿಯ ಹಿಂದಿನ ಎಲುಬಿಗೆ ತಿರುಪು ಕೂಡಿಸಿ ಎಲುಬಿನ ಮೂಲಕವೇ ಧ್ವನಿಯನ್ನು ದಾಟಿಸುವದು ಇನ್ನೊಂದು; ಇದನ್ನು ೧೯೭೭ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ ಮೊದಲು ಮಾಡಿದರು. ಕೇಳುವ ನರವು ಜೀವಂತವಾಗಿ ಉಳಿದಿದ್ದರೆ ಸುರುಳಿಯೊಳಗೆ ತಂತಿಯಿಡುವ ಕಾಕ್ಲಿಯರ್ ಇಂಪ್ಲಾಂಟು ಸಾಧ್ಯ. ನರವೇ ಇಲ್ಲದಿದ್ದರೆ ಅದು ನಿರರ್ಥಕ. ಎರಡೂ ನರಗಳನ್ನು ಕಳೆದುಕೊಂಡವರಿಗಾಗಿ ಮಿದುಳಿನ ಕಾಂಡದ ಮೇಲೆಯೇ ತಂತಿಯನ್ನಿಡುವ ಉಪಾಯವನ್ನು ೧೯೭೯ರಲ್ಲಿ ಮೇಲೆ ಹೇಳಿದ ಹೌಸರೂ ಅವರ ಸಂಗಡಿಗರೂ ಪ್ರಾರಂಭಿಸಿದರು. ಯಾರಿಗೆ ಯಾವದು ತಕ್ಕದ್ದೆಂದು ಪರೀಕ್ಷಿಸಿ ಹೇಳುವ ವಿಷಯದಲ್ಲಿ ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ನಾಡಿಗೇ ಭೂಷಣ. ಆದರೆ ಸರಕಾರದ ಅಂಗವಿಕಲತೆಯ ಪ್ರಮಾಣಪತ್ರವನ್ನು ನೆಚ್ಚಿಕೊಂಡವರಿಗೆ ಒಂದು ನಿರಾಶೆಯ ಮಾತನ್ನೂ ಹೇಳಬೇಕಾಗಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕಿವುಡನ್ನು ಎರಡೂ ಕಿವಿಗಳ ನಷ್ಟದಿಂದ ಅಳೆಯುತ್ತದೆ, ೭೦ ಡೆಸಿಬೆಲ್ ಆದರೆ ಕಿವುಡು, ೬೦ರಿಂದ ೭೦ ಆದರೆ ಮಂದಶ್ರವಣ. ಒಂದು ಕಿವಿ ಪೂರ್ಣವಾಗಿ ಹೋಗಿ ಇನ್ನೊಂದು ಚೆನ್ನಾಗಿರುವವರು ಈ ವ್ಯಾಖ್ಯೆಯೊಳಗೆ ಬರುವದಿಲ್ಲ. ಕಾಯಿದೆಯ ಕಣ್ಣಿಗೆ ನಮ್ಮ ಶಿಕ್ಷಕಿಯವರು ಎಲ್ಲರಂತೆ ಕೇಳಬಲ್ಲವರು.

ಅವರು ತಮ್ಮ ವರ್ಗದ ಕೋಣೆಯನ್ನು ಈಗ ಬೇರೆ ರೀತಿಯಿಂದ ಜೋಡಿಸಿದ್ದಾರೆಂದು ಈಚೆಗೆ ಅಲ್ಲಿಗೆ ಹೋಗಿದ್ದಾಗ ಕಂಡೆವು. ತಮ್ಮ ಕುರ್ಚಿಯನ್ನು ಎಡಗೋಡೆಗೆ ಹೊಂದಿಸಿಕೊಂಡು ಮಕ್ಕಳೆಲ್ಲ ಬಲಗಿವಿಯ ಕಡೆಗೆ ಬರುವಂತೆ ಕೂಡಿಸಿದ್ದಾರೆ. ಮಾತಾಡಬೇಕಾದವರು ಮೊದಲು ಕೈಯೆತ್ತಿ, ಅವರು ನೋಡಿದ ಮೇಲೆ ಮಾತಾಡಬೇಕು. ನಾವು ಬಾಗಿಲಲ್ಲಿ ನಿಂತು ಎಡಗಡೆಯಿಂದ ಕರೆದದ್ದು ಅವರಿಗೆ ಕೇಳಿಸಲಿಲ್ಲ. ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿ ಎದ್ದು ಬಂದು, “ಹಾಗೆ ಕರೆದರೆ ನಮ್ಮ ಅಕ್ಕೋರಿಗೆ ಕೇಳಿಸುವದಿಲ್ಲ, ಈ ಕಡೆಗೆ ಬರ್ರಿ,” ಎಂದು ನಮ್ಮ ಕೈ ಹಿಡಿದು ಬಲಗಡೆಗೆ ಕರೆದುಕೊಂಡು ಹೋದಳು.